ಹತ್ತನೆಯ ತರಗತಿಯ ಅನಂತರ: ವಿಷಯಗಳ ಆಯ್ಕೆಯೂ ಮುಂದಿನ ದಾರಿಯೂ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ವೈದ್ಯಮಿತ್ರರು ಪ್ರತಿವರ್ಷವೂ ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವು ಮುಂತಾದವುಗಳ ಬಗ್ಗೆ ಉಪಯುಕ್ತ ಲೇಖನಗಳನ್ನು ಬರೆದುಕೊಡುತ್ತಾರೆ. ಈ ಸಲ ಸಂಪಾದಕರು ನನ್ನನ್ನೂ ಕೇಳಿದರು. ಬ್ಯಾಂಕಿನವನಾದ್ದರಿಂದ ಠೇವಣಿ, ಬಡ್ಡಿ, ನಾಮನಿರ್ದೇಶನ ಇವುಗಳನ್ನು ಕುರಿತು ಬರೆದೇನೆಂದು ಅವರು ಎಣಿಸಿದ್ದಿರಬೇಕು. ಆದರೆ ಮೇ-ಜೂನ್ ತಿಂಗಳುಗಳಲ್ಲಿ ನನ್ನ ಮೇಜಿನ ಎದುರು ಬಂದು ಕುಳಿತುಕೊಳ್ಳುವ ನಮ್ಮವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಬಡ್ಡಿಯದಲ್ಲ. ಪಾಸುಪುಸ್ತಕವನ್ನು ಮಡಿಚಿ ಚೀಲದಲ್ಲಿಟ್ಟುಕೊಂಡ ಮೇಲೆ, ಎದ್ದು ಹೋಗುವ ಮುನ್ನ, ಸ್ವಲ್ಪ ಸಂಕೋಚದಿಂದ ಕೇಳುತ್ತಾರೆ: “ಸರ್, ಹುಡುಗನದು ಹತ್ತನೆಯದು ಮುಗಿಯಿತು. ಯಾವುದಕ್ಕೆ ಹಾಕೋಣ?”

ನಾನು ಶಿಕ್ಷಣತಜ್ಞನಲ್ಲ, ವಾಣಿಜ್ಯ ಪದವೀಧರ, ಅಷ್ಟೆ. ಆದರೂ ಈ ಪ್ರಶ್ನೆಗೆ ಸಿಕ್ಕ ತಪ್ಪು ಉತ್ತರಗಳ ಫಲವನ್ನು ಸಾಲದ ಅರ್ಜಿಗಳ ರೂಪದಲ್ಲಿ ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಒಂದು ತಪ್ಪು ಉತ್ತರ ನನ್ನ ಪಾಲಿಗೂ ಬಂದಿತ್ತು. ಆ ಅಧಿಕಾರದಿಂದ ಮಾತ್ರ ಬರೆಯುತ್ತಿದ್ದೇನೆ.

2023ರ ಬೇಸಿಗೆಯಲ್ಲಿ ನಡೆದುದನ್ನು ಮೊದಲು ಹೇಳಿಬಿಡುತ್ತೇನೆ. ಠಾಣೆಯ ಕಡೆ ಸಣ್ಣದೊಂದು ಉಪಾಹಾರಗೃಹ ನಡೆಸುವ ಕುಂದಾಪುರದ ಕಡೆಯವರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹನ್ನೆರಡನೆಯ ತರಗತಿಯ ವಾಣಿಜ್ಯ ಶಾಖೆಯಲ್ಲಿ ಹುಡುಗನಿಗೆ ನೂರಕ್ಕೆ ತೊಂಬತ್ತರ ಮೇಲೆ ಅಂಕಗಳು. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್ ಪದವಿ ಓದಬೇಕೆಂಬುದು ಅವನ ಹಂಬಲ. ತಂದೆ ನನ್ನೊಡನೆ ಹಾಸ್ಟೆಲಿನ ಖರ್ಚು, ಠೇವಣಿ ಮುರಿಸಬೇಕೋ ಸಾಲ ಪಡೆಯಬೇಕೋ ಎಂಬ ಲೆಕ್ಕಗಳನ್ನೆಲ್ಲ ಮಾತನಾಡಿದರು. ಅರ್ಧ ಗಂಟೆಯಾದ ಮೇಲೆ ಅಂಕಪಟ್ಟಿಯನ್ನು ನೋಡುತ್ತಿದ್ದ ನಾನು ಕೇಳಿದೆ, “ಗಣಿತ ಎಲ್ಲಿ?” ಹುಡುಗ ತಲೆ ತಗ್ಗಿಸಿದ. ವಿಷಯ ಅವನಿಗೆ ವಾರದ ಹಿಂದೆಯೇ ತಿಳಿದಿತ್ತು; ತಂದೆಗೆ ಹೇಳುವ ಧೈರ್ಯವಾಗಿರಲಿಲ್ಲ. ಆ ಪದವಿಗೆ ಪ್ರವೇಶ ಬೇಕಾದರೆ ಹನ್ನೆರಡನೆಯದರಲ್ಲಿ ಗಣಿತ ಓದಿ, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿಯೂ (2022ರಲ್ಲಿ ಆರಂಭವಾದ ‘ಕ್ಯುಯೆಟ್’ ಇದೇ) ಗಣಿತವನ್ನೋ ಅನ್ವಯಿಕ ಗಣಿತವನ್ನೋ ಬರೆಯಬೇಕು. ಈ ಹುಡುಗ ಹನ್ನೊಂದನೆಯದರಲ್ಲಿಯೇ ಗಣಿತವನ್ನು ಬಿಟ್ಟು ಸೆಕ್ರೆಟೇರಿಯಲ್ ಪ್ರ್ಯಾಕ್ಟೀಸನ್ನು ತೆಗೆದುಕೊಂಡಿದ್ದ. “ಅಂಕ ಸುಲಭವಾಗಿ ಸಿಗುತ್ತದೆ ಅಂತ ಎಲ್ಲರೂ ಹೇಳಿದರು” ಎಂದ. ತಂದೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಆ ಫಾರಂ ತುಂಬುವಾಗ ನಾನೇ ಸಹಿ ಹಾಕಿದ್ದೆ ಸರ್, ಓದಿ ನೋಡಲಿಲ್ಲ” ಎಂದರು.

ಮಹಾರಾಷ್ಟ್ರದ ವಾಣಿಜ್ಯ ಶಾಖೆಯಲ್ಲಿ ಇಂಗ್ಲಿಷ್, ಅರ್ಥಶಾಸ್ತ್ರ, ಬುಕ್ ಕೀಪಿಂಗ್, ವಾಣಿಜ್ಯ ಸಂಘಟನೆ ಇವು ಸಾಮಾನ್ಯವಾಗಿ ಎಲ್ಲರಿಗೂ ಇರುತ್ತವೆ. ಒಂದು ಸ್ಥಾನದಲ್ಲಿ ಮಾತ್ರ ಹುಡುಗರ ಬಾಯಲ್ಲಿ ‘ಎಸ್.ಪಿ.’ ಎನಿಸಿಕೊಳ್ಳುವ ಆ ವಿಷಯವನ್ನಾದರೂ ಗಣಿತ-ಸಂಖ್ಯಾಶಾಸ್ತ್ರವನ್ನಾದರೂ ಆರಿಸಿಕೊಳ್ಳಬೇಕು. ಫಾರಮಿನಲ್ಲಿ ಅದು ಒಂದು ಗೆರೆ. ಹದಿನೈದು ವರ್ಷದ ಹುಡುಗ ಅದರ ಮುಂದೆ ಗುರುತು ಹಾಕುವಾಗ ನಾವು ಕಾಲೇಜಿನ ಹೆಸರು, ಲೋಕಲ್ ರೈಲಿನ ದೂರ, ಫೀಸು ಇವನ್ನೇ ನೋಡುತ್ತಿರುತ್ತೇವೆ.

ಆ ಗೆರೆಯ ಮುಂದೆ ನಾನೂ ಒಮ್ಮೆ ಗುರುತು ಹಾಕಿದವನು. 1996ರಲ್ಲಿ ಹನ್ನೊಂದನೆಯದಕ್ಕೆ ಸೇರುವಾಗ ಜ್ಯೂನಿಯರ್ ಕಾಲೇಜೊಂದರ ಕಿಟಕಿಯಲ್ಲಿದ್ದ ಗುಮಾಸ್ತರು, “ಬ್ಯಾಂಕಿನ ಕೆಲಸಕ್ಕೆ ಗಣಿತ ಏತಕ್ಕಪ್ಪ? ಎಸ್.ಪಿ. ತಗೋ” ಎಂದರು. ನಮ್ಮ ತಂದೆಯವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ಕಿಟಕಿಯ ಆಚೆಗಿನವರ ಮಾತಿಗೆ ಅವರಲ್ಲಿ ಸ್ವಾಭಾವಿಕವಾಗಿಯೇ ಗೌರವ. ಅಂತೆಯೇ ಆಯಿತು. ಬ್ಯಾಂಕಿನ ಕೆಲಸವೇನೋ ಸಿಕ್ಕಿತು. ಆದರೆ ಮೂವತ್ತು ದಾಟುವ ಹೊತ್ತಿಗೆ, ಸಾಲಪತ್ರಗಳ ವ್ಯವಹಾರ ಹಾಗೂ ನಷ್ಟಸಂಭವದ ಅಳತೆಯನ್ನು ನೋಡಿಕೊಳ್ಳುವ ವಿಭಾಗಕ್ಕೆ ಹೋಗುವ ಅವಕಾಶ ಬಂದಾಗ, ತರಬೇತಿಯ ಮೊದಲ ದಿನವೇ ಫಲಕದ ಮೇಲೆ ಬರೆದ ಸೂತ್ರಗಳನ್ನು ಕಂಡು ಕಂಗಾಲಾದೆ. ಪಕ್ಕದಲ್ಲಿ ಕುಳಿತಿದ್ದ ಹುಡುಗಿ ನನಗಿಂತ ಎಂಟು ವರ್ಷ ಚಿಕ್ಕವಳು, ನಿರಾಯಾಸವಾಗಿ ಬರೆದುಕೊಳ್ಳುತ್ತಿದ್ದಳು. ದಾದರಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ಹನ್ನೊಂದನೆಯ ತರಗತಿಯ ಸಂಖ್ಯಾಶಾಸ್ತ್ರದ ಪಠ್ಯಪುಸ್ತಕವನ್ನು ಕೊಂಡು, ರಾತ್ರಿ ಮಗಳು ಮಲಗಿದ ಮೇಲೆ, ಹದಿನಾರರಲ್ಲಿ ಓದಬೇಕಾಗಿದ್ದುದನ್ನು ಓದಿದೆ. ಅರ್ಥವಾಯಿತು, ಅಷ್ಟೇನೂ ಕಷ್ಟವಿರಲಿಲ್ಲ. ಅದೇ ನನಗೆ ಹೆಚ್ಚು ಬೇಸರ ತಂದಿತು.

ನಮ್ಮ ದೇಶದಲ್ಲಿ ಈ ಕವಲು ಹದಿನೈದು-ಹದಿನಾರನೆಯ ವಯಸ್ಸಿನಲ್ಲಿ ಏಕೆ ಬರುತ್ತದೆಂಬುದಕ್ಕೆ ಒಂದು ಇತಿಹಾಸವಿದೆ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು (1964-66) ಹತ್ತು ವರ್ಷಗಳ ಸಾಮಾನ್ಯ ಶಿಕ್ಷಣ, ಎರಡು ವರ್ಷಗಳ ಉನ್ನತ ಪ್ರೌಢಶಿಕ್ಷಣ, ಅನಂತರ ಮೂರು ವರ್ಷಗಳ ಪದವಿ ಎಂಬ ಕ್ರಮವನ್ನು ಸೂಚಿಸಿತು. ಹತ್ತರವರೆಗೆ ಎಲ್ಲರೂ ಎಲ್ಲವನ್ನೂ ಓದಬೇಕು, ಆಮೇಲೆ ತಮ್ಮ ತಮ್ಮ ಒಲವಿನಂತೆ ಆಳಕ್ಕೆ ಇಳಿಯಬೇಕು ಎಂಬುದು ಅದರ ಆಶಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆ, ವಿಜ್ಞಾನ, ವಾಣಿಜ್ಯಗಳ ನಡುವಿನ ಗೋಡೆ ಕಠಿಣವಾಗಿರಕೂಡದೆಂದು ಹೇಳಿದೆ. ಒಳ್ಳೆಯ ಮಾತು. ಆದರೆ ಶಾಲೆಯ ಕಡೆಯ ಗೋಡೆ ಸಡಿಲವಾದರೂ ಮುಂದಿನ ಕಾಲೇಜಿನ ಬಾಗಿಲಲ್ಲಿ ನಿಂತವರು ಇಂತಿಂಥ ವಿಷಯಗಳನ್ನು ಓದಿರಬೇಕೆಂದು ಕೇಳುವುದು ನಿಂತಿಲ್ಲ. ಆದಕಾರಣ ಮೊದಲು ಬಾಗಿಲಿನ ಬಳಿ ಹೋಗಿ ಅಲ್ಲಿ ಬರೆದಿರುವುದನ್ನು ಓದಿಕೊಂಡು, ಅಲ್ಲಿಂದ ಹಿಂದಕ್ಕೆ ನಡೆದು ಬಂದು ಹನ್ನೊಂದನೆಯ ತರಗತಿಯ ಫಾರಂ ತುಂಬುವುದು ಕ್ಷೇಮ. ಬ್ಯಾಂಕಿನಲ್ಲಿ ನಾವು ಮಾಡುವುದೂ ಇದನ್ನೇ: ಸಾಲ ಹೇಗೆ ತೀರುತ್ತದೆ ಎಂಬುದನ್ನು ನೋಡಿದ ಮೇಲೆ ಎಷ್ಟು ಕೊಡಬೇಕೆಂದು ನಿರ್ಧರಿಸುತ್ತೇವೆ.

ಎಂಜಿನಿಯರಿಂಗಿಗೆ ಭೌತಶಾಸ್ತ್ರವೂ ಗಣಿತವೂ ಬೇಕೆಂಬುದು ಎಲ್ಲರಿಗೂ ಗೊತ್ತು. ಐ.ಐ.ಟಿ., ಎನ್.ಐ.ಟಿ.ಗಳಿಗೆ ಜೆ.ಇ.ಇ. ಅಂಕಗಳಲ್ಲದೆ ಹನ್ನೆರಡನೆಯದರಲ್ಲಿಯೂ ಸಾಮಾನ್ಯ ವರ್ಗದವರಿಗೆ ಶೇಕಡ 75 ಅಂಕಗಳು, ಇಲ್ಲವೇ ತಮ್ಮ ಮಂಡಳಿಯ ಮೊದಲ 20 ಪರ್ಸೆಂಟೈಲಿನಲ್ಲಿ ಸ್ಥಾನ ಇರಬೇಕೆಂಬುದನ್ನು ಮಾತ್ರ ಕೋಚಿಂಗಿನ ಗಲಾಟೆಯಲ್ಲಿ ಮರೆಯುವವರುಂಟು. ವೈದ್ಯಕೀಯಕ್ಕೆ ಭೌತ, ರಸಾಯನ, ಜೀವಶಾಸ್ತ್ರ. ‘ನೀಟ್’ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದವೇ. ಜೀವಶಾಸ್ತ್ರ ಬಿಟ್ಟು ಹನ್ನೆರಡು ಮುಗಿಸಿದವರು ಅದನ್ನು ಹೆಚ್ಚುವರಿ ವಿಷಯವಾಗಿ ಓದಿ ತೇರ್ಗಡೆಯಾಗಿ ಬರಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರಿನಲ್ಲಿ ಅವಕಾಶ ಮಾಡಿಕೊಟ್ಟಿತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಭೂಸೇನಾ ವಿಭಾಗಕ್ಕೆ ಯಾವ ಶಾಖೆಯವರಾದರೂ ಅರ್ಜಿ ಹಾಕಬಹುದು. ನೌಕಾದಳ, ವಾಯುದಳಗಳಿಗೆ ಭೌತ, ರಸಾಯನ, ಗಣಿತಗಳು ಬೇಕು. ಆದರೆ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದವಾಗಿರುವುದರಿಂದ, ಕಲಾ ಶಾಖೆಯ ಹುಡುಗನಿಗೆ ಬಾಗಿಲು ತೆರೆದಿದ್ದರೂ ಹೊಸ್ತಿಲು ಎತ್ತರವಾಗಿಯೇ ಇದೆ. ಹೆಣ್ಣುಮಕ್ಕಳಿಗೆ ಸರ್ವೋಚ್ಚ ನ್ಯಾಯಾಲಯದ 2021ರ ಆದೇಶದಿಂದ ಈ ಬಾಗಿಲು ತೆರೆಯಿತು; 2025ರಲ್ಲಿ ಅವರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದಿತು. ಕಾನೂನಿಗೆ ಯಾವ ಶಾಖೆಯಾದರೂ ಸರಿ.

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ಹೆಸರು ಸಿ.ಎ. ಇದಕ್ಕೆ ಗಣಿತ ಓದಿರಲೇಬೇಕೆಂಬ ನಿಯಮವಿಲ್ಲ. ಆದರೆ ಹನ್ನೆರಡರ ಅನಂತರದ ಫೌಂಡೇಶನ್ ಪರೀಕ್ಷೆಯ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿಯಾಗಿ ವ್ಯಾವಹಾರಿಕ ಗಣಿತ, ತರ್ಕ, ಸಂಖ್ಯಾಶಾಸ್ತ್ರಗಳದ್ದು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಪ್ರತಿ ಪತ್ರಿಕೆಯಲ್ಲಿ 40, ಒಟ್ಟಿನಲ್ಲಿ ಶೇಕಡ 50 ಬರಲೇಬೇಕು. ಎಸ್.ಪಿ. ಓದಿ ಬಂದ ಬುದ್ಧಿವಂತ ಹುಡುಗರು ಲೆಕ್ಕಪತ್ರದಲ್ಲಿ 80 ತೆಗೆದುಕೊಂಡು ಈ ಪತ್ರಿಕೆಯಲ್ಲಿ ಮುಗ್ಗರಿಸಿದ್ದನ್ನು ನಾನು ಬಲ್ಲೆ. ನಿಯಮದಲ್ಲಿ ಬರೆದಿರುವುದು ಬೇರೆ, ಪರೀಕ್ಷೆಯಲ್ಲಿ ಕೇಳುವುದು ಬೇರೆ, ಎರಡನ್ನೂ ಓದಬೇಕು. ಕೋಲ್ಕತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬಿ.ಸ್ಟ್ಯಾಟ್. ಪದವಿಗಂತೂ ಹನ್ನೆರಡನೆಯದರಲ್ಲಿ ಗಣಿತ ಇರಲೇಬೇಕು. ಅದೇ ಸಂಸ್ಥೆಯ ಬೆಂಗಳೂರಿನ ಕೇಂದ್ರ ನಡೆಸುವ ಬಿ.ಮ್ಯಾತ್. ಎಂಬ ಗಣಿತ ಪದವಿಯ ಹೆಸರನ್ನು ನಮ್ಮಲ್ಲಿ ಎಷ್ಟೋ ಮಂದಿ ಕೇಳಿಯೇ ಇಲ್ಲ.

ಕೇಂದ್ರೀಯ ಮಂಡಳಿಯ ಶಾಲೆಗಳಲ್ಲಿ ಮಕ್ಕಳನ್ನು ಓದಿಸುವವರಿಗೆ ಇನ್ನೊಂದು ತೊಡಕು. ಆ ಮಂಡಳಿ 2020ರ ಪರೀಕ್ಷೆಯಿಂದ ಹತ್ತನೆಯದಕ್ಕೆ ‘ಸ್ಟ್ಯಾಂಡರ್ಡ್’, ‘ಬೇಸಿಕ್’ ಎಂಬ ಎರಡು ಮಟ್ಟದ ಗಣಿತಗಳನ್ನು ತಂದಿತು. ಪಠ್ಯ ಒಂದೇ, ಪ್ರಶ್ನೆಪತ್ರಿಕೆಯ ಕಾಠಿಣ್ಯ ಬೇರೆ. ಬೇಸಿಕ್ ಬರೆದವರಿಗೆ ಮುಂದೆ ಪೂರ್ಣ ಗಣಿತ ಇಲ್ಲವೆಂದು ಮೊದಲಿಗೆ ಸಾರಿ, ಅನಂತರ ಆ ನಿಯಮವನ್ನು ಸಡಿಲಿಸಿದರು. ಸಡಿಲಿಕೆಯನ್ನು ನಂಬಿ ಕುಳಿತುಕೊಳ್ಳುವುದು ವಿವೇಕವಲ್ಲ. ಹನ್ನೊಂದನೆಯದಕ್ಕೆ ಹಿಂದಿನಿಂದಲೂ ಇದ್ದ ಗಣಿತದೊಡನೆ 2020-21ರಿಂದ ಅನ್ವಯಿಕ ಗಣಿತವೆಂಬ ಇನ್ನೊಂದು ವಿಷಯ ಬಂದಿತು. ಇದು ವಾಣಿಜ್ಯ, ಸಮಾಜವಿಜ್ಞಾನಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು. ಬಡ್ಡಿ, ಸೂಚ್ಯಂಕ, ಸಂಭವನೀಯತೆ ಇವುಗಳನ್ನು ಕಲಿಸುತ್ತದೆ. ನನ್ನ ಕಾಲದಲ್ಲಿ ಇಂಥದೊಂದು ಇದ್ದಿದ್ದರೆ ನಾನು ದಾದರಿಗೆ ಹೋಗಬೇಕಾಗಿರಲಿಲ್ಲ. ಆದರೆ ಎಂಜಿನಿಯರಿಂಗಿನ ಕಡೆ ಮನಸ್ಸಿರುವ ಮಗು ಹೆಸರಿನ ಹೋಲಿಕೆಗೆ ಮೋಸಹೋಗಿ ಇದನ್ನು ಆರಿಸಿಕೊಳ್ಳಕೂಡದು.

ಇಷ್ಟೆಲ್ಲ ಗಣಿತದ ಪರವಾಗಿ ವಾದಿಸಿದ ನಾನು ನನ್ನ ಮನೆಯಲ್ಲಿ ಮಾಡಿದ್ದನ್ನೂ ಹೇಳಬೇಕು. ಮಗಳಿಗೆ ಜೀವಶಾಸ್ತ್ರವೆಂದರೆ ಪ್ರಾಣ. ನನಗೋ ಗಣಿತ ಬಿಟ್ಟುಹೋಗುವ ಭಯ. ಎರಡೂ ಬಾಗಿಲು ತೆರೆದಿರಲಿ ಎಂದು ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಕೊಡಿಸಿದೆ. ಅಲ್ಲಿಗೇ ನಿಲ್ಲಿಸದೆ ಜೆ.ಇ.ಇ.ಗೂ ನೀಟ್‌ಗೂ ಎರಡು ಕೋಚಿಂಗುಗಳಿಗೆ ಹಾಕಿದೆ. ಬೆಳಿಗ್ಗೆ ಆರಕ್ಕೆ ಹೊರಟ ಹುಡುಗಿ ರಾತ್ರಿ ಒಂಬತ್ತಕ್ಕೆ ಮನೆಗೆ ಬರುವಳು. ಊಟವಾಗಿ, ಅಭ್ಯಾಸ ಮುಗಿಸಿ ಮಲಗುವಾಗ ಒಂದು ಗಂಟೆ. ದೀಪಾವಳಿಯ ಹೊತ್ತಿಗೆ ತಲೆನೋವು ಆರಂಭವಾಯಿತು. ಕನ್ನಡಕ ಬದಲಾಯಿಸಿದೆವು, ರಕ್ತ ಪರೀಕ್ಷೆ ಮಾಡಿಸಿದೆವು. ಕೊನೆಗೆ ನಮ್ಮ ಸಂಘದ ವೈದ್ಯರೇ ಒಬ್ಬರು, ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆಂದು ಮನೆಗೆ ಬಂದವರು, ಅವಳು ಎಷ್ಟು ಗಂಟೆ ಮಲಗುತ್ತಾಳೆಂದು ಕೇಳಿದರು. ಐದು ಎಂದೆ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕು, ಅದಿಲ್ಲದೆ ಓದಿದ್ದು ನೆನಪಿನಲ್ಲಿ ನಿಲ್ಲುವುದೂ ಕಷ್ಟ ಎಂದು ಹೇಳಿ, “ಎರಡು ಬಾಗಿಲು ಅಂತೀರಿ, ಹುಡುಗಿ ಒಬ್ಬಳೇ ಅಲ್ಲವೇ?” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ರಾತ್ರಿ ಮಗಳನ್ನು ಕೂರಿಸಿಕೊಂಡು ಮೊದಲ ಸಲ ಸರಿಯಾಗಿ ಕೇಳಿದೆ. “ಅಪ್ಪ, ನನಗೆ ಡಾಕ್ಟರಾಗುವ ಆಸೆಯಿಲ್ಲ, ಎಂಜಿನಿಯರೂ ಬೇಡ. ಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕು” ಎಂದಳು. ಪುಣೆ, ತಿರುಪತಿ ಮೊದಲಾದ ಏಳು ಕಡೆಗಳಲ್ಲಿರುವ ‘ಐಸರ್’ ವಿಜ್ಞಾನ ಸಂಸ್ಥೆಗಳ ಹೆಸರನ್ನು ಅವಳೇ ಹೇಳಿದಳು. ಆ ಸಂಸ್ಥೆಗಳ ಪ್ರವೇಶ ಪರೀಕ್ಷೆಯಲ್ಲಿ ಜೀವಶಾಸ್ತ್ರ, ರಸಾಯನ, ಗಣಿತ, ಭೌತ ನಾಲ್ಕರಿಂದಲೂ ತಲಾ 15 ಪ್ರಶ್ನೆಗಳು. ನಾನು ಭಯದಿಂದ ಕೊಡಿಸಿದ ನಾಲ್ಕು ವಿಷಯಗಳು ಆಕಸ್ಮಿಕವಾಗಿ ಅವಳಿಗೆ ಬೇಕಾದವೇ ಆಗಿದ್ದವು. ಬೇಡವಾಗಿದ್ದವು ಎರಡು ಕೋಚಿಂಗುಗಳು. ಎರಡನ್ನೂ ಬಿಡಿಸಿದೆವು. ಕಟ್ಟಿದ ಹಣದಲ್ಲಿ ಅರ್ಧವೂ ಹಿಂದಿರುಗಲಿಲ್ಲ. ತಲೆನೋವು ಫೆಬ್ರವರಿಯಲ್ಲಿ ಹೋಯಿತು.

ಹೊರನಾಡಿನ ನಮಗೇ ಸೇರಿದ ಒಂದು ಮಾತಿದೆ. ಮಹಾರಾಷ್ಟ್ರದಲ್ಲಿ ಎರಡನೆಯ ಭಾಷೆಗೆ ಬದಲಾಗಿ ಮಾಹಿತಿ ತಂತ್ರಜ್ಞಾನವನ್ನು ತೆಗೆದುಕೊಳ್ಳಬಹುದು. ವಿಜ್ಞಾನ ಶಾಖೆಯಲ್ಲಿ ‘ಬೈಫೋಕಲ್’ ಎಂಬ 200 ಅಂಕಗಳ ವೃತ್ತಿಪರ ವಿಷಯವನ್ನು, ಉದಾಹರಣೆಗೆ ಗಣಕವಿಜ್ಞಾನವನ್ನೋ ಇಲೆಕ್ಟ್ರಾನಿಕ್ಸನ್ನೋ, ಆರಿಸಿದರೆ ಭಾಷೆಯೂ ಇನ್ನೊಂದು ವಿಷಯವೂ ಬಿಟ್ಟುಹೋಗುತ್ತವೆ. ಆ ಇನ್ನೊಂದು ಬಹುಮಟ್ಟಿಗೆ ಜೀವಶಾಸ್ತ್ರ. ಅಂಕಗಳ ದೃಷ್ಟಿಯಿಂದ ಲಾಭವೇ ಇರಬಹುದು. ಆದರೆ ಕನ್ನಡ ಕಲಿಸುವ ಜ್ಯೂನಿಯರ್ ಕಾಲೇಜುಗಳು ಮೊದಲೇ ಬೆರಳೆಣಿಕೆಯಷ್ಟು. ಇರುವಲ್ಲಿಯೂ ವಿದ್ಯಾರ್ಥಿಗಳಿಲ್ಲವೆಂದು ಅಧ್ಯಾಪಕರ ಹುದ್ದೆ ಹೋಗುವುದು ಹೀಗೆಯೇ. ಇದು ಬರಿಯ ಅಭಿಮಾನದ ಮಾತಲ್ಲ. ಕರ್ನಾಟಕದ ಸಿ.ಇ.ಟಿ. ಮೂಲಕ ಸೀಟು ಬಯಸುವ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಅಲ್ಲಿನ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಕ್ಯುಯೆಟ್‌ನ 13 ಭಾಷೆಗಳಲ್ಲಿ ಕನ್ನಡವೂ ಒಂದು. ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿ ಓದಿದ ಹಿರಿಯರು ಈ ಊರಿನಲ್ಲಿ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮೊಮ್ಮಕ್ಕಳಿಗೆ ಆ ಪರೀಕ್ಷೆಗಾಗಿ ಕಾಗುಣಿತವನ್ನು ಹೊಸದಾಗಿ ಹೇಳಿಕೊಡಬೇಕಾಗಿ ಬಂದುದನ್ನು ಕಂಡಿದ್ದೇನೆ.

ಅಂತಾರಾಷ್ಟ್ರೀಯ ಶಾಲೆಗಳ ಬಗ್ಗೆ ನನಗೆ ತಿಳಿದದ್ದು ಸ್ವಲ್ಪ. ಐ.ಬಿ. ಕ್ರಮದಲ್ಲಿ ಆರು ವಿಷಯಗಳು. ಸಾಮಾನ್ಯವಾಗಿ ಮೂರನ್ನು ಮೇಲ್ಮಟ್ಟದಲ್ಲಿ, ಮೂರನ್ನು ಸಾಧಾರಣ ಮಟ್ಟದಲ್ಲಿ ಓದುತ್ತಾರೆ. ಗಣಿತದಲ್ಲಿಯೇ ಎರಡು ಬಗೆ, ಒಂದೊಂದರಲ್ಲಿಯೂ ಎರಡು ಮಟ್ಟ. ಇಂಗ್ಲೆಂಡಿನಲ್ಲಿ ಎಂಜಿನಿಯರಿಂಗ್ ಓದಬೇಕಾದವರಿಗೆ ಮೇಲ್ಮಟ್ಟದ ಗಣಿತವನ್ನು ಕೇಳುವ ವಿಶ್ವವಿದ್ಯಾಲಯಗಳೇ ಹೆಚ್ಚು. ಅಲ್ಲಿಗೆ ಹೋಗುವುದೋ ಇಲ್ಲಿಯೇ ಇರುವುದೋ ಎಂಬುದನ್ನು ನಿರ್ಧರಿಸದೆ ಈ ಶಾಲೆಗಳಲ್ಲಿ ವಿಷಯ ಆರಿಸುವುದು, ಊರು ತಿಳಿಯದೆ ಟಿಕೆಟ್ ಕೊಂಡಂತೆ.

ಇನ್ನು ಹಣದ ಮಾತು. ಇಲ್ಲಿ ನಾನು ಹೆಚ್ಚು ಧೈರ್ಯದಿಂದ ಬರೆಯಬಲ್ಲೆ. ವಿದ್ಯಾಸಾಲದ ಅರ್ಜಿ ನಮ್ಮ ಬಳಿ ಬರುವ ಹೊತ್ತಿಗೆ ವಿಷಯಗಳ ಆಯ್ಕೆಯಾಗಿ ಎರಡು ವರ್ಷಗಳು ಕಳೆದಿರುತ್ತವೆ. ಸಿಗಬೇಕಾಗಿದ್ದ ಸರಕಾರಿ ಕಾಲೇಜಿನ ಸೀಟು ವಿಷಯದ ಕೊರತೆಯಿಂದ ತಪ್ಪಿದಾಗ, ಜನ ದುಬಾರಿ ಖಾಸಗಿ ಕಾಲೇಜಿನ ಕಾಗದವನ್ನು ಹಿಡಿದುಕೊಂಡು ಬರುತ್ತಾರೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಭದ್ರತೆಯನ್ನೂ ಕೇಳುವುದಿಲ್ಲ, ಕೈಯಿಂದ ಪಾಲು ಹಾಕಬೇಕಾಗಿಯೂ ಇಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಒಪ್ಪಿಗೆ ನೀಡಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗುರುತಿಸಿದ ಉತ್ತಮ ಸಂಸ್ಥೆಗಳಲ್ಲಿ ಅರ್ಹತೆಯಿಂದ ಸೀಟು ಪಡೆದವರಿಗೆ ಜಾಮೀನು, ಭದ್ರತೆಗಳಿಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದು ಬೇರೆ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯ ಇಲ್ಲದಿದ್ದರೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇಕಡ ಮೂರರ ಬಡ್ಡಿ ರಿಯಾಯಿತಿಯನ್ನೂ ಕೊಡುತ್ತಾರೆ. ಗಮನಿಸಿ: ಒಳ್ಳೆಯ ಸೀಟು ಪಡೆದವನಿಗೇ ಅಗ್ಗದ ಸಾಲ. ಓದು ಮುಗಿಯುವ ಹೊತ್ತಿಗೆ ಬಡ್ಡಿ ಸೇರಿ ಹತ್ತು ಲಕ್ಷ ಬಾಕಿ ಇದೆಯೆಂದುಕೊಳ್ಳೋಣ. ಶೇಕಡ ಹತ್ತರ ದರದಲ್ಲಿ ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,215 ರೂಪಾಯಿಗಳು ಬೇಕು. ಮೊದಲ ನೌಕರಿಯ ಸಂಬಳ 25,000 ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ ಹೋಯಿತು. ಈ ಲೆಕ್ಕವನ್ನು ಹುಡುಗನ ಎದುರಿಗೇ ಮಾಡಿ ತೋರಿಸಬೇಕೆಂಬುದು ನನ್ನ ಅಭಿಪ್ರಾಯ. ಮಕ್ಕಳ ಮುಂದೆ ಹಣದ ಮಾತು ಬೇಡವೆನ್ನುವ ಸಂಕೋಚದಿಂದ ಯಾರಿಗೂ ಉಪಕಾರವಾಗಿದ್ದನ್ನು ನಾನು ಕಂಡಿಲ್ಲ.

ತಪ್ಪಿದವರಿಗೆ ದಾರಿಯೇ ಇಲ್ಲವೆಂದಲ್ಲ. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಬಿಟ್ಟುಹೋದ ಒಂದೇ ಒಂದು ವಿಷಯವನ್ನು ಬೇರೆಯಾಗಿ ಓದಿ ಪರೀಕ್ಷೆ ಬರೆಯಬಹುದು. ಮದ್ರಾಸು ಐ.ಐ.ಟಿ.ಯು 2021ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಗೆ ಹನ್ನೆರಡರಲ್ಲಿ ಯಾವ ಶಾಖೆಯಾದರೂ ಆಗಬಹುದು. ಹತ್ತರಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಸಾಕು, ಅವರ ಅರ್ಹತಾ ಪರೀಕ್ಷೆ ದಾಟಬೇಕು. ಕುಂದಾಪುರದವರ ಮಗ ಮೊದಲನೆಯ ದಾರಿ ಹಿಡಿದ. ಒಂದು ವರ್ಷ ಬೆಳಿಗ್ಗೆ ತಂದೆಯ ಗಲ್ಲಾಪೆಟ್ಟಿಗೆಯಲ್ಲಿ ಕುಳಿತು, ಮಧ್ಯಾಹ್ನ ಗಣಿತ ಓದಿ, 2024ರಲ್ಲಿ ಪರೀಕ್ಷೆ ತೇರ್ಗಡೆಯಾದ. ದಿಲ್ಲಿಗೆ ಬೇಕಾದಷ್ಟು ಅಂಕಗಳು ಪ್ರವೇಶ ಪರೀಕ್ಷೆಯಲ್ಲಿ ಬರಲಿಲ್ಲ. ಮುಂಬಯಿಯಲ್ಲಿಯೇ ಅರ್ಥಶಾಸ್ತ್ರದ ಬಿ.ಎ.ಗೆ ಸೇರಿದ. ಠೇವಣಿ ಮುರಿಯಬೇಕಾಗಲಿಲ್ಲ, ಸಾಲವೂ ಬೇಕಾಗಲಿಲ್ಲ, ವರ್ಷವೊಂದು ಹೋಯಿತು.

ಕಳೆದ ಜೂನಿನಲ್ಲಿ ಆ ತಂದೆ ಮತ್ತೆ ಬಂದರು, ಈ ಸಲ ಮಗಳನ್ನೂ ಮಗನನ್ನೂ ಕರೆದುಕೊಂಡು. ಹುಡುಗಿ ಹತ್ತನೆಯದು ಮುಗಿಸಿದ್ದಳು. ಪ್ರವೇಶದ ಕಾಗದಗಳನ್ನು ಮೇಜಿನ ಮೇಲೆ ಹರಡಿ, “ಸರ್, ಒಂದು ಸಲ ನೀವೂ ನೋಡಿಬಿಡಿ” ಎಂದರು. ಅಣ್ಣ ನನಗಿಂತ ಮೊದಲೇ, “ಗಣಿತ ತಗೋ, ನನ್ನ ಹಾಗೆ ಮಾಡಿಕೋಬೇಡ” ಎಂದು ಗಟ್ಟಿಯಾಗಿ ಹೇಳಿದ. ಅವಳು ಸ್ವಲ್ಪವೂ ಅಂಜದೆ, “ಅಣ್ಣ, ನಾನು ವಕೀಲಳಾಗುವುದು. ಕ್ಲ್ಯಾಟ್‌ಗೆ ಯಾವ ಶಾಖೆಯಾದರೂ ಆಗುತ್ತದೆ. ಅದರಲ್ಲಿ ಬರುವ ಲೆಕ್ಕ ಹತ್ತನೆಯ ತರಗತಿಯದ್ದು, ನೂರಕ್ಕೆ ಹತ್ತರಷ್ಟು. ನೋಡಿಕೊಂಡೇ ಬಂದಿದ್ದೇನೆ” ಎಂದಳು. ನಾನು ಕಾಗದವನ್ನು ತೆಗೆದುಕೊಂಡು ನೋಡಿದೆ. ಎಸ್.ಪಿ. ಎಂಬುದರ ಮುಂದೆ ಗುರುತಿತ್ತು. ಎರಡನೆಯ ಭಾಷೆ ಎಂಬ ಕಡೆ ಕನ್ನಡ ಎಂದು ಬರೆದಿದ್ದಳು. ತಂದೆ ಈ ಸಲ ಕನ್ನಡಕ ಹಾಕಿಕೊಂಡು ಪ್ರತಿಯೊಂದು ಗೆರೆಯನ್ನೂ ಓದಿ, ಆಮೇಲೆ ನನ್ನ ಪೆನ್ನನ್ನು ಕೇಳಿದರು.